ಗೋಡೆ, ಬಂಡೆ, ಬಿಸಿನೀರು, ಬಂದರು: ಬ್ರಿಟನ್ನಿನ ಹಳೆಯ ನಗರಗಳು

ಬ್ರಿಟನ್ನಿನ ಪ್ರತಿ ಹಳೆಯ ನಗರಕ್ಕೂ ಅದು ಅಲ್ಲೇ ಹುಟ್ಟಲು ಒಂದು ಗಟ್ಟಿ ಕಾರಣವಿದೆ. ಯಾರ್ಕ್ ಹುಟ್ಟಿದ್ದು ಎರಡು ನದಿಗಳು ಕೂಡುವಲ್ಲಿ, ಎಡಿನ್‌ಬರೊ ಆರಿದ ಜ್ವಾಲಾಮುಖಿಯ ಬಂಡೆಯ ಮೇಲೆ, ಬಾತ್ ನೆಲದಿಂದ ಉಕ್ಕುವ ಬಿಸಿನೀರಿನ ಸುತ್ತ. ಲಿವರ್‌ಪೂಲನ್ನು ಬೆಳೆಸಿದ್ದು ಸಮುದ್ರಕ್ಕೆ ತೆರೆದ ಅಳಿವೆ, ಮ್ಯಾಂಚೆಸ್ಟರನ್ನು ಬೆಳೆಸಿದ್ದು ಹತ್ತಿ. ಈ ಕಾರಣ ತಿಳಿದು ಹೊರಟವರಿಗೆ ಬೀದಿ ಯಾಕೆ ಹೀಗೆ ತಿರುಗಿತು, ಮನೆಗಳು ಯಾಕೆ ಅಷ್ಟು ಎತ್ತರ, ಇವನ್ನೆಲ್ಲ ಕಟ್ಟಲು ಹಣ ಎಲ್ಲಿಂದ ಬಂತು ಎಂಬುದು ನಡೆಯುತ್ತ ನಡೆಯುತ್ತಲೇ ಬಿಡಿಸಿಕೊಳ್ಳುತ್ತದೆ. ತಿಳಿಯದೆ ಹೋದವರಿಗೆ ಎಲ್ಲ ಊರೂ ಒಂದೇ ಬಗೆಯ ಕಲ್ಲಿನ ಚರ್ಚು, ಇಟ್ಟಿಗೆ ಮನೆ, ಕಾಫಿ ಅಂಗಡಿಗಳ ಸಾಲು.

ಭಾರತದಿಂದ ಹೋಗುವ ಬಹಳಷ್ಟು ಮಂದಿ ಲಂಡನ್ ನೋಡಿ ಮರಳುತ್ತಾರೆ. ಲಂಡನ್ ದೊಡ್ಡದು, ನೋಡಲೇಬೇಕಾದದ್ದು. ಆದರೆ ಅದು ಇಡೀ ಜಗತ್ತಿಗೆ ಸೇರಿದ ಮಹಾನಗರ. ಬ್ರಿಟನ್ನಿನ ಸ್ವಂತ ಸ್ವಭಾವ ಎದ್ದು ಕಾಣುವುದು ಅದರ ಎರಡನೆಯ ಸಾಲಿನ ಊರುಗಳಲ್ಲಿ. ಅವು ದೂರವೂ ಅಲ್ಲ. ಲಂಡನ್ನಿನಿಂದ ಬಾತ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಯಾರ್ಕ್‌ಗೆ ಹೆಚ್ಚುಕಡಿಮೆ ಎರಡು ಗಂಟೆ, ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್‌ಗೆ ಎರಡು ಗಂಟೆಗೆ ತುಸು ಮೇಲೆ, ಎಡಿನ್‌ಬರೊಗೆ ನಾಲ್ಕೂವರೆ ಗಂಟೆಯ ಆಸುಪಾಸು. ಎಲ್ಲ ಕಡೆಯೂ ರೈಲು ನಿಲ್ದಾಣ ಹಳೆಯ ಪೇಟೆಯ ಅಂಚಿನಲ್ಲೇ ಇರುವುದರಿಂದ ಇಳಿದ ಕೂಡಲೇ ನಡಿಗೆ ಶುರುಮಾಡಬಹುದು.

ಮೊದಲ ಊರಾಗಿ ಯಾರ್ಕ್ ಒಳ್ಳೆಯ ಆಯ್ಕೆ. ಇಂಗ್ಲೆಂಡಿನ ಎರಡು ಸಾವಿರ ವರ್ಷಗಳ ಚರಿತ್ರೆ ಅಲ್ಲಿ ಒಂದೇ ದಿನದ ನಡಿಗೆಯ ಅಳತೆಯೊಳಗೆ ಸಿಗುತ್ತದೆ. ಕ್ರಿ.ಶ. 71ರಲ್ಲಿ ರೋಮನ್ನರ ಒಂಬತ್ತನೆಯ ಲೀಜನ್ ಪಡೆ ಊಜ್ ಮತ್ತು ಫಾಸ್ ನದಿಗಳ ನಡುವಿನ ಎತ್ತರದ ನೆಲದಲ್ಲಿ ಕೋಟೆ ಕಟ್ಟಿತು. ಎರಡು ಕಡೆ ನೀರಿನ ಕಾವಲು, ದೋಣಿಯಲ್ಲಿ ಸಮುದ್ರಕ್ಕೆ ದಾರಿ. ಸೈನ್ಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ. ಎಬೊರಾಕಮ್ ಎಂಬ ಹೆಸರಿನ ಈ ನೆಲೆಯಲ್ಲಿ 306ರಲ್ಲಿ ಚಕ್ರವರ್ತಿ ಕಾನ್‌ಸ್ಟಾಂಟಿಯಸ್ ತೀರಿಕೊಂಡಾಗ ಸೈನಿಕರು ಅವನ ಮಗ ಕಾನ್‌ಸ್ಟಂಟೈನನನ್ನು ಚಕ್ರವರ್ತಿಯೆಂದು ಸಾರಿದರು. ರೋಮ್ ಸಾಮ್ರಾಜ್ಯವನ್ನು ಕ್ರೈಸ್ತ ಧರ್ಮದ ಕಡೆಗೆ ತಿರುಗಿಸಿದ ದೊರೆಯ ಆಳ್ವಿಕೆ ಶುರುವಾದದ್ದು ಇಲ್ಲಿ. ಅವನ ಕಂಚಿನ ಪ್ರತಿಮೆ ಈಗ ಯಾರ್ಕ್ ಮಿನ್‌ಸ್ಟರ್ ಎಂಬ ಮಹಾಚರ್ಚಿನ ಪಕ್ಕದಲ್ಲಿದೆ.

ಆ ಚರ್ಚು ಸುಮಾರು 1220ರಿಂದ 1472ರವರೆಗೆ, ಎರಡೂವರೆ ಶತಮಾನ ಕಾಲ ಕಟ್ಟಿದ್ದು. ಅದರ ಪೂರ್ವದ ಗೋಡೆಯ ಬಣ್ಣದ ಗಾಜಿನ ಕಿಟಕಿ ಒಂದು ಟೆನಿಸ್ ಅಂಕಣದಷ್ಟು ದೊಡ್ಡದು. ಜಗತ್ತಿನ ಸೃಷ್ಟಿಯಿಂದ ಅಂತ್ಯದವರೆಗಿನ ಬೈಬಲ್ ಕಥೆಯನ್ನು ಜಾನ್ ಥಾರ್ನ್‌ಟನ್ ಎಂಬ ಗಾಜಿನ ಕುಶಲಕರ್ಮಿ 1405ರಿಂದ 1408ರೊಳಗೆ ಅದರಲ್ಲಿ ಬರೆದು ಮುಗಿಸಿದ. ಮಹಾಯುದ್ಧಗಳ ಕಾಲದಲ್ಲಿ ಗಾಜನ್ನು ಬಿಚ್ಚಿ ಜೋಪಾನ ಮಾಡಿದ್ದರಿಂದ ಅದು ಉಳಿಯಿತು. 1967ರಲ್ಲಿ ಚರ್ಚಿನ ನಡುಗೋಪುರದ ತಳಪಾಯ ಕುಸಿಯುವ ಸ್ಥಿತಿಗೆ ಬಂದಿರುವುದು ಗೊತ್ತಾಗಿ ಎಂಜಿನಿಯರುಗಳು ಕೆಳಗೆ ಅಗೆದಾಗ ಸಿಕ್ಕಿದ್ದು ರೋಮನ್ ಕೋಟೆಯ ಗೋಡೆಗಳು. ಆ ನೆಲಮಾಳಿಗೆ ಈಗ ವಸ್ತುಸಂಗ್ರಹಾಲಯ. ಗೋಪುರವನ್ನು ಹೊತ್ತ ಹೊಸ ಕಾಂಕ್ರೀಟು, ಮಧ್ಯಯುಗದ ಕಲ್ಲು, ಅದಕ್ಕೂ ಕೆಳಗೆ ರೋಮನ್ನರ ಗಾರೆ ಮೂರನ್ನೂ ಅಲ್ಲಿ ನಿಂತಲ್ಲೇ ನೋಡಬಹುದು. ಮೇಲಿನ ಭವ್ಯತೆಯನ್ನು ನೋಡಿ ಇದನ್ನು ಬಿಟ್ಟು ಹೋದರೆ ಯಾರ್ಕ್ ಅರ್ಧವಷ್ಟೇ ನೋಡಿದಂತೆ.

ರೋಮನ್ನರ ಬಳಿಕ 866ರಲ್ಲಿ ವೈಕಿಂಗರು ಊರನ್ನು ಹಿಡಿದರು. ಅವರನ್ನು ಕಡಲ್ಗಳ್ಳರೆಂದಷ್ಟೇ ಓದಿದವರಿಗೆ ಯಾರ್ಕ್ ಬೇರೆಯೇ ಪಾಠ ಹೇಳುತ್ತದೆ. 1976ರಿಂದ 1981ರವರೆಗೆ ಕಾಪರ್‌ಗೇಟ್ ಬೀದಿಯಲ್ಲಿ ನಡೆದ ಉತ್ಖನನದಲ್ಲಿ ಅವರ ಮನೆ, ಹಿತ್ತಿಲು, ಕೆಲಸದ ಕೊಟ್ಟಿಗೆಗಳೆಲ್ಲ ಹೊರಬಿದ್ದವು. ನೆಲದಲ್ಲಿ ಸದಾ ತೇವವಿದ್ದು ಗಾಳಿಯಾಡದ ಕಾರಣ ಮರ, ಚರ್ಮ, ಬಟ್ಟೆ ಕೂಡ ಸಾವಿರ ವರ್ಷ ಕೊಳೆಯದೆ ಉಳಿದಿದ್ದವು. ಮರದ ಬಟ್ಟಲು ಕಡೆಯುವವರು, ಬಾಚಣಿಗೆ ಮಾಡುವವರು, ಚಮ್ಮಾರರು, ಅಕ್ಕಸಾಲಿಗರು ಒತ್ತೊತ್ತಾಗಿ ಬಾಳಿದ ಪೇಟೆ ಅದು. ಅಗೆದ ಜಾಗದಲ್ಲೇ 1984ರಲ್ಲಿ ತೆರೆದ ಯಾರ್ವಿಕ್ ವೈಕಿಂಗ್ ಕೇಂದ್ರ ಆ ಬೀದಿಯನ್ನು ವಾಸನೆ ಸಮೇತ ಮರುನಿರ್ಮಿಸಿದೆ. ಮಕ್ಕಳಿದ್ದವರು ತಪ್ಪಿಸಬಾರದು.

ಊರನ್ನು ಸುತ್ತಿದ ಕೋಟೆಗೋಡೆ ಸುಮಾರು 3.4 ಕಿಲೋಮೀಟರ್ ಉದ್ದವಿದ್ದು, ಇಂಗ್ಲೆಂಡಿನಲ್ಲಿ ಮಧ್ಯಯುಗದಿಂದ ಉಳಿದ ಕೋಟೆಗೋಡೆಗಳಲ್ಲಿ ಅತಿ ಉದ್ದದ್ದು. 1800ರ ಹೊತ್ತಿಗೆ ನಗರಾಡಳಿತ ಇದನ್ನು ಹಳೆಯ ಕಸವೆಂದು ಕೆಡವಲು ಹೊರಟಿತ್ತು. ಅಲ್ಲಲ್ಲಿ ಕೆಡವಿಯೂ ಆಗಿತ್ತು. ಚಿತ್ರಕಾರ ವಿಲಿಯಂ ಎಟಿಯಂಥವರು ಪಟ್ಟುಹಿಡಿದು ವಿರೋಧಿಸಿದ್ದರಿಂದ ಉಳಿದದ್ದು ಉಳಿಯಿತು. ಹೆಬ್ಬಾಗಿಲುಗಳ ಮುಂಚಾಚಿದ ಕಾವಲು ಕಟ್ಟಡಗಳಲ್ಲಿ ವಾಮ್‌ಗೇಟ್ ಬಾಗಿಲಿನದೊಂದೇ ಈಗ ನಿಂತಿದೆ. ಗೋಡೆಯ ಮೇಲಿನ ನಡಿಗೆಗೆ ಶುಲ್ಕವಿಲ್ಲ. ಆರಾಮವಾಗಿ ಎರಡು ಗಂಟೆ ಬೇಕು. ಶ್ಯಾಂಬಲ್ಸ್ ಎಂಬ ಓಣಿ ಹಿಂದೆ ಕಟುಕರ ಬೀದಿ. ಮರದ ಚೌಕಟ್ಟಿನ ಮನೆಗಳ ಮೇಲಂತಸ್ತುಗಳು ಮುಂದಕ್ಕೆ ಚಾಚಿ ಎದುರುಬದುರು ತಾಗುವಷ್ಟು ಹತ್ತಿರ ಬಂದಿವೆ, ಮಾಂಸ ನೇತುಹಾಕುತ್ತಿದ್ದ ಕೊಕ್ಕೆಗಳು ಕೆಲವೆಡೆ ಹಾಗೇ ಇವೆ. ಹಗಲಿನಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲವಾದ್ದರಿಂದ ಬೆಳಿಗ್ಗೆ ಬೇಗ ಹೋಗಬೇಕು. ಕ್ಲಿಫರ್ಡ್ ಗೋಪುರದ ಬಳಿ ಮಾತ್ರ ತುಸು ಹೊತ್ತು ನಿಲ್ಲಬೇಕು. 1190ರಲ್ಲಿ ಉದ್ರಿಕ್ತ ಗುಂಪಿನಿಂದ ತಪ್ಪಿಸಿಕೊಳ್ಳಲು ಅಲ್ಲಿದ್ದ ಮರದ ಕೋಟೆಯಲ್ಲಿ ಆಶ್ರಯ ಪಡೆದ ಸುಮಾರು 150 ಯಹೂದಿಯರು ಪ್ರಾಣ ಕಳೆದುಕೊಂಡರು. ಹಲವರು ಗುಂಪಿನ ಕೈಗೆ ಸಿಗುವ ಬದಲು ತಾವೇ ಸತ್ತರು.

ಹತ್ತೊಂಬತ್ತನೆಯ ಶತಮಾನದಲ್ಲಿ ಯಾರ್ಕ್‌ಗೆ ಎರಡನೆಯ ಬದುಕು ಕೊಟ್ಟದ್ದು ರೈಲು ಮತ್ತು ಚಾಕೊಲೇಟು. ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಹಬೆಯಂತ್ರದ ವಿಶ್ವದಾಖಲೆ ಬರೆದ ಮ್ಯಾಲರ್ಡ್ ನಿಂತಿದೆ. ಆ ದಾಖಲೆ ಇಂದಿಗೂ ಮುರಿದಿಲ್ಲ. ಭಾರತದ ಅಂಗಡಿಗಳಲ್ಲೂ ಸಿಗುವ ಕಿಟ್‌ಕ್ಯಾಟ್ 1935ರಲ್ಲಿ ಹುಟ್ಟಿದ್ದು ಇಲ್ಲಿನ ರೌನ್‌ಟ್ರೀ ಕಾರ್ಖಾನೆಯಲ್ಲಿ. ಅದೇ ಮನೆತನದ ಸೀಬಮ್ ರೌನ್‌ಟ್ರೀ ಊರಿನ ಕೂಲಿಕಾರರ ಮನೆಮನೆಯ ಲೆಕ್ಕ ತೆಗೆಸಿ 1901ರಲ್ಲಿ ಪ್ರಕಟಿಸಿದ ಬಡತನದ ಅಧ್ಯಯನ, ದುಡಿಯುವವರೂ ಬಡವರಾಗಿಯೇ ಉಳಿಯುತ್ತಾರೆಂಬುದನ್ನು ಅಂಕಿಅಂಶಗಳಲ್ಲಿ ತೋರಿಸಿತು.

ಯಾರ್ಕ್‌ನಿಂದ ಎಡಿನ್‌ಬರೊಗೆ ಎರಡೂವರೆ ಗಂಟೆಯ ರೈಲುದಾರಿ ಬ್ರಿಟನ್ನಿನ ಅತಿ ಸುಂದರ ದಾರಿಗಳಲ್ಲೊಂದು. ಉತ್ತರಕ್ಕೆ ಹೋಗುವಾಗ ಬಲಬದಿಯ ಕಿಟಕಿ ಹಿಡಿದರೆ ಡರಮ್ ಊರಿನ ನಾರ್ಮನ್ ಮಹಾಚರ್ಚು, ಮುಂದೆ ಬೆರಿಕ್ ಬಳಿ ಟ್ವೀಡ್ ನದಿಯ ಅಳಿವೆ, ಆಮೇಲೆ ಬಂಡೆಯಂಚಿನ ಸಮುದ್ರ ಸಿಗುತ್ತವೆ.

ಎಡಿನ್‌ಬರೊ ನಗರವನ್ನು ಮೊದಲು ರೂಪಿಸಿದ್ದು ಬೆಂಕಿ ಮತ್ತು ಹಿಮ. ಕೋಟೆ ನಿಂತ ಬಂಡೆ ಸುಮಾರು 35 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಯ ಗಂಟಲಿನಲ್ಲಿ ಗಟ್ಟಿಯಾದ ಲಾವಾ. ಹಿಮಯುಗದಲ್ಲಿ ಪಶ್ಚಿಮದಿಂದ ಸರಿದು ಬಂದ ಹಿಮನದಿಗೆ ಈ ಗಟ್ಟಿ ಬಂಡೆಯನ್ನು ಸವೆಸಲಾಗಲಿಲ್ಲ. ಎರಡೂ ಬದಿಯ ಮೆತ್ತನೆಯ ನೆಲವನ್ನು ಕೊರೆದುಕೊಂಡು ಹೋಯಿತು. ಬಂಡೆಯ ಮರೆಯಲ್ಲಿ ಪೂರ್ವಕ್ಕೆ ಮಾತ್ರ ಇಳಿಜಾರಿನ ಬೆನ್ನೊಂದು ಉಳಿಯಿತು. ಆ ಬೆನ್ನಿನ ಮೇಲೆ ಕೋಟೆಯಿಂದ ಹಾಲಿರೂಡ್ ಅರಮನೆಯವರೆಗೆ ಇಳಿಯುವ ಬೀದಿಯೇ ರಾಯಲ್ ಮೈಲ್. ಪ್ರಪಾತ ಮತ್ತು ಕೋಟೆಗೋಡೆಗಳ ನಡುವೆ ಸಿಕ್ಕ ಊರಿಗೆ ಅಗಲವಾಗಲು ಜಾಗವಿಲ್ಲದೆ ಅದು ಮೇಲಕ್ಕೆ ಬೆಳೆಯಿತು. ಹದಿನೇಳನೆಯ ಶತಮಾನದಲ್ಲೇ ಇಲ್ಲಿ ಹತ್ತು ಅಂತಸ್ತನ್ನು ಮುಟ್ಟಿದ ಮನೆಗಳಿದ್ದವು. ಒಂದೇ ಮೆಟ್ಟಿಲಸಾಲನ್ನು ಶ್ರೀಮಂತರೂ ಕೂಲಿಗಳೂ ಬಳಸುತ್ತಿದ್ದರು. ರಾಯಲ್ ಮೈಲ್‌ನ ಎರಡೂ ಬದಿಗೆ ಕ್ಲೋಸ್ ಎಂಬ ಸಂದಿಗಳು ಕಡಿದಾಗಿ ಇಳಿಯುತ್ತವೆ. ಮೇರಿ ಕಿಂಗ್ಸ್ ಕ್ಲೋಸ್ ಎಂಬ ಸಂದಿಯ ಮೇಲೆ 1753ರಲ್ಲಿ ಹೊಸ ಕಟ್ಟಡ ಕಟ್ಟತೊಡಗಿದಾಗ ಮೇಲಿನ ಅಂತಸ್ತುಗಳನ್ನು ತೆಗೆದು ಕೆಳಗಿನ ಕೋಣೆಗಳನ್ನೇ ಬುನಾದಿ ಮಾಡಿಕೊಂಡರು. ಈಗ ಮಾರ್ಗದರ್ಶಿಯ ಜೊತೆ ಆ ಕೋಣೆಗಳಿಗೆ ಇಳಿಯಬಹುದು. ಬಾಡಿಗೆಗೆ ಸಿಕ್ಕ ವೇಷ ತೊಟ್ಟು ದೆವ್ವದ ಕಥೆ ಹೇಳುವವರ ಹಿಂದೆ ಹೋಗುವುದಕ್ಕಿಂತ, ಬೆಳಕಿಲ್ಲದ ಆ ಕೋಣೆಗಳಲ್ಲಿ ಎಷ್ಟು ಜನ ಹೇಗೆ ಬದುಕಿದರು ಎಂದು ಕೇಳಿ ತಿಳಿಯುವುದು ಹೆಚ್ಚು ಮನ ತಟ್ಟುತ್ತದೆ.

ಹದಿನೆಂಟನೆಯ ಶತಮಾನದ ನಡುವೆ ಈ ಇಕ್ಕಟ್ಟು ಸಹಿಸಲಾಗದ ಮಟ್ಟಕ್ಕೆ ಬಂತು. ನಗರಾಡಳಿತ ಹೊಸ ಊರಿನ ನಕ್ಷೆಗೆ ಸ್ಪರ್ಧೆ ಏರ್ಪಡಿಸಿದಾಗ ಗೆದ್ದವನು ಜೇಮ್ಸ್ ಕ್ರೇಗ್ ಎಂಬ ಯುವಕ. ಅವನ 1767ರ ನಕ್ಷೆಯಂತೆ ಕಣಿವೆಯಾಚೆ ನೇರ ಬೀದಿ, ಅಗಲ ಚೌಕಗಳ ನ್ಯೂ ಟೌನ್ ಎದ್ದಿತು. ನಡುವಿದ್ದ ಕೊಳಕು ಕೆರೆಯನ್ನು ಬತ್ತಿಸಿ ಮಾಡಿದ ತೋಟದಲ್ಲಿ ಈಗ ಊರಿನವರು ಬಿಸಿಲಿಗೆ ಮೈಯೊಡ್ಡಿ ಕೂರುತ್ತಾರೆ. ಹಳೆಯ ಊರಿನ ಹೊಗೆಗಪ್ಪಿನ ಎತ್ತರದ ಸಾಲು, ಎದುರಿಗೆ ಹೊಸ ಊರಿನ ಶಿಸ್ತಿನ ಸಾಲು. ಎರಡನ್ನೂ ಒಟ್ಟಾಗಿ 1995ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಕಾಲದ ಎಡಿನ್‌ಬರೊದಲ್ಲಿ ದಾರ್ಶನಿಕ ಡೇವಿಡ್ ಹ್ಯೂಮ್, ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್, ಭೂವಿಜ್ಞಾನಿ ಜೇಮ್ಸ್ ಹಟನ್ ಒಂದೇ ಬೀದಿಗಳಲ್ಲಿ ಓಡಾಡುತ್ತಿದ್ದರು. ಊರಂಚಿನ ಸಾಲ್ಸ್‌ಬರಿ ಬಂಡೆಸಾಲಿನಲ್ಲಿ ಹಟನ್ ಗುರುತಿಸಿದ ಪದರಗಳಿವೆ. ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷ ಎಂಬ ನಂಬಿಕೆ ಅಲುಗಿದ್ದು ಅಂಥ ಕಲ್ಲುಗಳನ್ನು ಓದಿದ್ದರಿಂದ. ಅಲ್ಲಿಂದ 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಬೆಟ್ಟ ಏರಿದರೆ ಕೋಟೆ, ಊರು, ಕಡಲು ಮೂರೂ ಕಾಲಡಿ.

ಕನ್ನಡ ನಾಡಿನ ಚರಿತ್ರೆ ಓದಿದವರಿಗೆ ಈ ನಗರ ಪರಕೀಯವಲ್ಲ. ಟಿಪ್ಪುವಿನ ಪತನದ ಬೆನ್ನಿಗೆ 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಊರೂರಿನ ಬೆಳೆ, ಕಸುಬು, ಜಾತಿ, ತೆರಿಗೆಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ವೈದ್ಯಕೀಯ ಕಲಿತದ್ದು ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ. ಶ್ರೀರಂಗಪಟ್ಟಣದ ಮೇಲಿನ ಕೊನೆಯ ದಾಳಿಯನ್ನು ಮುನ್ನಡೆಸಿದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಅವನು ಟಿಪ್ಪುವಿನ ಶವವನ್ನು ಪತ್ತೆಹಚ್ಚುವ ದೃಶ್ಯದ ಡೇವಿಡ್ ವಿಲ್ಕಿಯ ಬೃಹತ್ ವರ್ಣಚಿತ್ರ ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದಲ್ಲಿದೆ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ಭಾರತೀಯ ಕಲಾವಿದರಿಂದ ಬರೆಸಿದ ಗಿಡಗಳ ಚಿತ್ರಗಳು ಇಲ್ಲಿನ ರಾಯಲ್ ಬೊಟಾನಿಕ್ ಗಾರ್ಡನ್ ಬಳಿ ಭದ್ರವಾಗಿವೆ.

ಆಗಸ್ಟ್ ತಿಂಗಳ ಎಡಿನ್‌ಬರೊ ಬೇರೆಯೇ ಊರು. ಎರಡನೆಯ ಮಹಾಯುದ್ಧದಲ್ಲಿ ನೊಂದ ಯುರೋಪನ್ನು ಕಲೆಯ ಮೂಲಕ ಮತ್ತೆ ಕೂಡಿಸುವ ಆಸೆಯಿಂದ 1947ರಲ್ಲಿ ಅಂತರರಾಷ್ಟ್ರೀಯ ಉತ್ಸವ ಆರಂಭವಾಯಿತು. ಆಹ್ವಾನವಿಲ್ಲದ ಎಂಟು ನಾಟಕ ತಂಡಗಳು ತಾವಾಗಿ ಬಂದು ಸಿಕ್ಕ ಸಭಾಂಗಣಗಳಲ್ಲಿ ಆಡಿದವು. ಅಲ್ಲಿಂದ ಬೆಳೆದ ಫ್ರಿಂಜ್ ಈಗ ಮೂಲ ಉತ್ಸವಕ್ಕಿಂತ ದೊಡ್ಡದು. ಯಾರು ಆಡಬೇಕು ಎಂದು ಆಯ್ಕೆ ಮಾಡುವ ಸಮಿತಿಯೇ ಇಲ್ಲದಿರುವುದು ಅದರ ಜೀವಾಳ. ಶಾಲೆಯ ಕೋಣೆ, ಚರ್ಚಿನ ಹಜಾರ, ಪಬ್ಬಿನ ಮಾಳಿಗೆ ಎಲ್ಲವೂ ರಂಗಮಂದಿರ. ನಾಟಕದ ಹುಚ್ಚಿದ್ದವರು ಆಗಲೇ ಹೋಗಬೇಕು. ಊರು ನೋಡಲು ಹೊರಟವರು ಆ ತಿಂಗಳನ್ನು ಬಿಡುವುದು ಲೇಸು. ಕೋಣೆಗಳ ಬಾಡಿಗೆ ಕೈಗೆಟುಕುವುದಿಲ್ಲ, ಸಂದಿಗಳಲ್ಲಿ ನಡೆಯಲೂ ಆಗುವುದಿಲ್ಲ.

ದಕ್ಷಿಣಕ್ಕೆ ಬಂದರೆ ಬಾತ್. ಮೆಂಡಿಪ್ ಬೆಟ್ಟಗಳಲ್ಲಿ ಸಾವಿರಾರು ವರ್ಷಗಳ ಹಿಂದೆ ಸುರಿದ ಮಳೆ ಸುಣ್ಣಕಲ್ಲಿನೊಳಗೆ ಆಳಕ್ಕೆ ಇಳಿದು, ಕಾದು, ಬಿರುಕುಗಳ ಮೂಲಕ 46 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿ ಇಲ್ಲಿ ಮೇಲೇಳುತ್ತದೆ. ದಿನಕ್ಕೆ ಹನ್ನೊಂದು ಲಕ್ಷ ಲೀಟರಿಗೂ ಹೆಚ್ಚು. ರೋಮನ್ನರು ಬರುವ ಮೊದಲೇ ಸ್ಥಳೀಯರು ಇದನ್ನು ಸೂಲಿಸ್ ದೇವಿಯ ತಾಣವೆಂದು ಪೂಜಿಸುತ್ತಿದ್ದರು. ರೋಮನ್ನರು ಆ ದೇವಿಯನ್ನು ತಳ್ಳಿಹಾಕಲಿಲ್ಲ, ತಮ್ಮ ಮಿನರ್ವಾ ಜೊತೆ ಸೇರಿಸಿ ಸೂಲಿಸ್ ಮಿನರ್ವಾ ಎಂದು ಗುಡಿ ಕಟ್ಟಿದರು. ಅವರ ದೊಡ್ಡ ಸ್ನಾನಕೊಳದ ತಳಕ್ಕೆ ಹಾಸಿದ ಸೀಸದ ಹಾಳೆಗಳು ಇವತ್ತಿಗೂ ನೀರನ್ನು ಹಿಡಿದಿಟ್ಟಿವೆ. ಭಕ್ತರು ಬುಗ್ಗೆಗೆ ಎಸೆದ ಸುಮಾರು 130 ಸೀಸದ ಶಾಪಪತ್ರಗಳು ಸಿಕ್ಕಿವೆ. ಸ್ನಾನದ ಹೊತ್ತಿನಲ್ಲಿ ಬಟ್ಟೆ ಕದ್ದವನಿಗೆ ನಿದ್ದೆ ಬಾರದಿರಲಿ, ಆರೋಗ್ಯ ಕೆಡಲಿ ಎಂದು ದೇವಿಯನ್ನು ಬೇಡಿಕೊಂಡ ಮನವಿಗಳು ಅವು. ರೋಮನ್ ಚಕ್ರವರ್ತಿಗಳ ಪ್ರತಿಮೆಗಳಿಗಿಂತ ಈ ಗೀಚುಬರಹಗಳೇ ಆ ಕಾಲದ ಸಾಮಾನ್ಯರನ್ನು ಹತ್ತಿರ ತರುತ್ತವೆ. ಹಸಿರು ನೀರಿನ ಆ ಕೊಳದಲ್ಲಿ ಇಳಿಯುವಂತಿಲ್ಲ. ಬಿಸಿಬುಗ್ಗೆಯಲ್ಲಿ ಮೀಯುವ ಆಸೆಯಿದ್ದವರಿಗೆ 2006ರಲ್ಲಿ ತೆರೆದ ಹೊಸ ಸ್ನಾನಗೃಹ ಪಕ್ಕದಲ್ಲೇ ಇದೆ.

ಈಗ ಕಾಣುವ ಬಾತ್ ಬಹುಮಟ್ಟಿಗೆ ಹದಿನೆಂಟನೆಯ ಶತಮಾನದ್ದು. ರೋಗ ಕಳೆಯಲು ಬಂದ ಶ್ರೀಮಂತರು ಇಸ್ಪೀಟು, ನೃತ್ಯ, ಮದುವೆ ಸಂಬಂಧಗಳಿಗಾಗಿ ಉಳಿದುಕೊಳ್ಳತೊಡಗಿದರು. ಅವರಿಗೆ ಬಾಡಿಗೆ ಮನೆ ಕಟ್ಟಿಕೊಡುವುದೇ ಊರಿನ ಉದ್ಯಮವಾಯಿತು. ಜಾನ್ ವುಡ್ ಎಂಬ ವಾಸ್ತುಶಿಲ್ಪಿ 1754ರಲ್ಲಿ ವೃತ್ತಾಕಾರದ ಸರ್ಕಸ್ ಮನೆಸಾಲು ಆರಂಭಿಸಿ ಅದೇ ವರ್ಷ ತೀರಿಕೊಂಡ. ಅದೇ ಹೆಸರಿನ ಅವನ ಮಗ ಅದನ್ನು ಮುಗಿಸಿ, 1767ರಿಂದ ಅರ್ಧಚಂದ್ರಾಕಾರದ ರಾಯಲ್ ಕ್ರೆಸೆಂಟ್ ಕಟ್ಟಿದ. ಮೂವತ್ತು ಮನೆಗಳು ಸೇರಿ ಒಂದೇ ಅರಮನೆಯಂತೆ ಕಾಣುತ್ತವೆ. ಹಿಂಬದಿಗೆ ಹೋಗಿ ನೋಡಿದರೆ ಗುಟ್ಟು ಬಯಲಾಗುತ್ತದೆ: ಮುಂಭಾಗ ಮಾತ್ರ ಏಕರೂಪ, ಹಿಂದೆ ಪ್ರತಿ ಮಾಲೀಕ ತನಗೆ ಬೇಕಾದಂತೆ ಕಟ್ಟಿಸಿಕೊಂಡಿದ್ದಾನೆ. ಇಡೀ ಊರಿಗೆ ಜೇನುಬಣ್ಣ ಕೊಟ್ಟದ್ದು ಹತ್ತಿರದ ಗಣಿಗಳ ಸುಣ್ಣಕಲ್ಲು. ಕಾದಂಬರಿಗಾರ್ತಿ ಜೇನ್ ಆಸ್ಟೆನ್ 1801ರಿಂದ 1806ರವರೆಗೆ ಇಲ್ಲಿದ್ದರು. ನ್ಯೂ ಕಿಂಗ್ ಬೀದಿಯ ಸಣ್ಣ ಮನೆಯ ಹಿತ್ತಿಲಿನಿಂದ, ವೃತ್ತಿಯಲ್ಲಿ ಸಂಗೀತಗಾರನಾಗಿದ್ದ ವಿಲಿಯಂ ಹರ್ಷಲ್ ತಾನೇ ಮಾಡಿದ ದೂರದರ್ಶಕದಲ್ಲಿ 1781ರ ಮಾರ್ಚ್‌ನಲ್ಲಿ ಯುರೇನಸ್ ಗ್ರಹವನ್ನು ಕಂಡ. ಆ ಮನೆಗೆ ಹೋಗುವವರು ಕಡಿಮೆ. ಆದರೆ ಬಾತ್‌ನಲ್ಲಿ ಅದಕ್ಕಿಂತ ಪುಳಕ ಕೊಡುವ ಜಾಗ ಇನ್ನೊಂದಿಲ್ಲ.

ಇಂಥ ಚೆಲುವೇ ಒಮ್ಮೆ ಈ ಊರುಗಳಿಗೆ ಮುಳುವಾಯಿತು. 1942ರಲ್ಲಿ ಜರ್ಮನ್ ವಿಮಾನಗಳು ಸೇನಾ ಮಹತ್ವಕ್ಕಿಂತ ಚಾರಿತ್ರಿಕ ಮಹತ್ವದ ಊರುಗಳನ್ನು ಹುಡುಕಿ ಬಾಂಬು ಹಾಕಿದವು. ಬೇಡೆಕರ್ ಎಂಬ ಜರ್ಮನ್ ಪ್ರವಾಸ ಕೈಪಿಡಿಯ ಹೆಸರೇ ಆ ದಾಳಿಗಳಿಗೆ ಅಂಟಿತು. ಏಪ್ರಿಲ್ ಕೊನೆಯ ವಾರದಲ್ಲಿ ಬಾತ್‌ನಲ್ಲಿ ಸುಮಾರು 400 ಜನ ಸತ್ತರು, ಅದರ ಪ್ರಸಿದ್ಧ ನೃತ್ಯಮಂದಿರ ಸುಟ್ಟಿತು. ಕೆಲವೇ ದಿನಗಳಲ್ಲಿ ಯಾರ್ಕ್‌ನ ಪುರಭವನವೂ ಹೊತ್ತಿ ಉರಿಯಿತು. ಎರಡನ್ನೂ ಮತ್ತೆ ಕಟ್ಟಿದ್ದಾರೆ.

ಬಾತ್‌ನಿಂದ ಕಾಲು ಗಂಟೆಯ ದಾರಿ ಬ್ರಿಸ್ಟಲ್. ಭಾರತೀಯರಿಗೆ ಇಲ್ಲಿ ಒಂದು ವಿಶೇಷ ಕಾರಣವಿದೆ: ರಾಜಾ ರಾಮಮೋಹನ ರಾಯ್ 1833ರ ಸೆಪ್ಟೆಂಬರಿನಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. ಆರ್ನೋಸ್ ವೇಲ್ ಸ್ಮಶಾನದಲ್ಲಿ ಅವರ ಸಮಾಧಿಯ ಮೇಲೆ ದ್ವಾರಕಾನಾಥ ಟ್ಯಾಗೋರ್ ಕಟ್ಟಿಸಿದ ಬಂಗಾಳಿ ಶೈಲಿಯ ಮಂಟಪವಿದೆ. ಎಂಜಿನಿಯರ್ ಬ್ರುನೆಲ್‌ನ 1843ರ ಕಬ್ಬಿಣದ ಹಡಗು ಗ್ರೇಟ್ ಬ್ರಿಟನ್ ಮತ್ತು ಅವನ ಸಾವಿನ ನಂತರ 1864ರಲ್ಲಿ ಮುಗಿದ ಕ್ಲಿಫ್ಟನ್ ತೂಗುಸೇತುವೆ ಊರಿನ ಹೆಮ್ಮೆಗಳು. ಗುಲಾಮ ವ್ಯಾಪಾರಿ ಎಡ್ವರ್ಡ್ ಕೋಲ್‌ಸ್ಟನ್‌ನ ಕಂಚಿನ ಪ್ರತಿಮೆಯನ್ನು 2020ರ ಜೂನ್‌ನಲ್ಲಿ ಜನ ಉರುಳಿಸಿ ಬಂದರಿನ ನೀರಿಗೆ ತಳ್ಳಿದರು. ನೀರಿನಿಂದೆತ್ತಿದ ಪ್ರತಿಮೆಗೆ ಮೆತ್ತಿದ ಬಣ್ಣವನ್ನು ಅಳಿಸದೆ ಎಂ ಶೆಡ್ ವಸ್ತುಸಂಗ್ರಹಾಲಯದಲ್ಲಿ ಮಲಗಿಸಿಟ್ಟಿದ್ದಾರೆ.

ಗುಲಾಮಗಿರಿಯ ಹಣದ ಕಥೆ ಇನ್ನೂ ವಿಸ್ತಾರವಾಗಿ ಸಿಗುವುದು ಲಿವರ್‌ಪೂಲ್‌ನಲ್ಲಿ. ಬೀಟಲ್ಸ್ ಹುಡುಕಿಕೊಂಡು ಬರುವವರು ಊರನ್ನು ಅರ್ಧ ದಿನದಲ್ಲಿ ಮುಗಿಸಿಬಿಡುತ್ತಾರೆ. ಇದು ಕನಿಷ್ಠ ಎರಡು ದಿನ ಬೇಡುವ ನಗರ. ಮರ್ಸಿ ನದಿಯ ಅಳಿವೆಯಲ್ಲಿ ಉಬ್ಬರವಿಳಿತದ ಅಂತರ ಹತ್ತು ಮೀಟರಿನವರೆಗೆ ಹೋಗುತ್ತದೆ. ಇಳಿತದ ಹೊತ್ತಿಗೆ ಹಡಗು ಕೆಸರಲ್ಲಿ ಕೂತುಬಿಟ್ಟರೆ ಸರಕು ಇಳಿಸುವುದು ಹೇಗೆ? ಗೇಟು ಹಾಕಿ ನೀರಿನ ಮಟ್ಟ ಕಾಯ್ದುಕೊಳ್ಳುವ ವಾಣಿಜ್ಯ ಡಾಕ್ ಅನ್ನು 1715ರಲ್ಲಿ ಇಲ್ಲಿ ತೆರೆದರು. ಜಗತ್ತಿನಲ್ಲಿ ಆ ಬಗೆಯದು ಇದೇ ಮೊದಲು. ಈಗಿನ ಮಾಲೊಂದರ ತಳದಲ್ಲಿ ಅದರ ಇಟ್ಟಿಗೆ ಗೋಡೆ ಉಳಿದಿದೆ, ನೋಡಲು ಮಾರ್ಗದರ್ಶಿಗಳು ಕರೆದೊಯ್ಯುತ್ತಾರೆ. ಆ ಡಾಕ್‌ನಿಂದಾಗಿ ಮೀನುಗಾರರ ಸಣ್ಣ ಪಟ್ಟಣ ಒಂದು ಶತಮಾನದೊಳಗೆ ಸಾಮ್ರಾಜ್ಯದ ಎರಡನೆಯ ದೊಡ್ಡ ಬಂದರಾಯಿತು. ಬಟ್ಟೆ, ಬಂದೂಕು ಹೊತ್ತು ಪಶ್ಚಿಮ ಆಫ್ರಿಕಕ್ಕೆ, ಅಲ್ಲಿಂದ ಮನುಷ್ಯರನ್ನು ತುಂಬಿ ಅಮೆರಿಕಕ್ಕೆ, ಮರಳುವಾಗ ಸಕ್ಕರೆ, ತಂಬಾಕು, ಹತ್ತಿ. 1807ರಲ್ಲಿ ಕಾನೂನು ತಡೆಯುವವರೆಗೆ ಲಿವರ್‌ಪೂಲ್‌ನ ಹಡಗುಗಳು ಸಾಗಿಸಿದ ಆಫ್ರಿಕನ್ನರು ಅಂದಾಜು 15 ಲಕ್ಷ. ನಗರ ಇದನ್ನು ಮುಚ್ಚಿಡದೆ 2007ರಲ್ಲಿ ಅಂತರರಾಷ್ಟ್ರೀಯ ಗುಲಾಮಗಿರಿ ವಸ್ತುಸಂಗ್ರಹಾಲಯ ತೆರೆಯಿತು. ಡಾಕ್ ಬದಿಯ ಸಂಗ್ರಹಾಲಯಗಳಲ್ಲಿ ದೊಡ್ಡ ನವೀಕರಣ ಕೈಗೊಂಡಿರುವುದರಿಂದ ಬಾಗಿಲು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಗುಲಾಮ ವ್ಯಾಪಾರ ನಿಂತ ಮೇಲೆ ವಲಸಿಗರ ಕಾಲ ಬಂತು. 1830ರಿಂದ ಒಂದು ನೂರು ವರ್ಷಗಳಲ್ಲಿ ಸುಮಾರು 90 ಲಕ್ಷ ಯುರೋಪಿಯನ್ನರು ಈ ದಡದಿಂದ ಅಮೆರಿಕ, ಕೆನಡ, ಆಸ್ಟ್ರೇಲಿಯಗಳಿಗೆ ಹಡಗು ಹತ್ತಿದರು.

1846ರ ಆಲ್ಬರ್ಟ್ ಡಾಕ್‌ನ ಗೋದಾಮುಗಳನ್ನು ಬೆಂಕಿಯ ಭಯದಿಂದ ಮರ ಬಳಸದೆ ಎರಕದ ಕಬ್ಬಿಣ, ಇಟ್ಟಿಗೆ, ಕಲ್ಲಿನಲ್ಲಿ ಕಟ್ಟಿದರು. ಹಡಗುಗಳು ದೊಡ್ಡದಾದಂತೆ ಅದು ಪಾಳುಬಿತ್ತು. 1980ರ ದಶಕದಲ್ಲಿ ಅದೇ ಗೋದಾಮುಗಳು ಕಲಾಗ್ಯಾಲರಿ, ವಸ್ತುಸಂಗ್ರಹಾಲಯ, ಹೋಟೆಲುಗಳಾಗಿ ಮತ್ತೆ ತುಂಬಿಕೊಂಡವು. ನದಿದಂಡೆಯ ಮೂರು ಭವನಗಳಲ್ಲಿ 1911ರ ರಾಯಲ್ ಲಿವರ್ ಬಿಲ್ಡಿಂಗ್ ಮೇಲಿನ ಎರಡು ಲೋಹದ ಹಕ್ಕಿಗಳು ಊರಿನ ಲಾಂಛನ. 2004ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಈ ಬಂದರನ್ನು 2021ರಲ್ಲಿ ಪಟ್ಟಿಯಿಂದ ತೆಗೆದುಹಾಕಲಾಯಿತು. ಹಳೆಯ ಡಾಕ್‌ಗಳ ಜಾಗದಲ್ಲಿ ಎತ್ತರದ ಕಟ್ಟಡ ಮತ್ತು ಫುಟ್‌ಬಾಲ್ ಕ್ರೀಡಾಂಗಣದ ಯೋಜನೆಗಳು ಬಂದದ್ದು ಕಾರಣ. ಕೆಲಸವಿಲ್ಲದೆ ದಶಕಗಳ ಕಾಲ ಕಷ್ಟಪಟ್ಟ ಊರು ಪ್ರಶಸ್ತಿಗಿಂತ ಬದುಕನ್ನು ಆರಿಸಿಕೊಂಡಿದ್ದರಲ್ಲಿ ಅರ್ಥವಿದೆ. ಆದರೂ ಕಳೆದುಕೊಂಡದ್ದು ಸಣ್ಣದಲ್ಲ.

ಹೋಪ್ ಬೀದಿಯ ಎರಡು ತುದಿಗಳಲ್ಲಿ ಎರಡು ಮಹಾಚರ್ಚುಗಳಿವೆ. ಆಂಗ್ಲಿಕನ್ನರ ಚರ್ಚಿನ ವಿನ್ಯಾಸಕ್ಕೆ ಆಯ್ಕೆಯಾದಾಗ ಗೈಲ್ಸ್ ಗಿಲ್ಬರ್ಟ್ ಸ್ಕಾಟ್‌ಗೆ 22 ವರ್ಷ. ಅವನು ಸ್ವತಃ ಕ್ಯಾಥೊಲಿಕ್. 1904ರಲ್ಲಿ ಶುರುವಾದ ಕೆಲಸ ಮುಗಿದದ್ದು 1978ರಲ್ಲಿ, ಅವನು ಸತ್ತು ಹದಿನೆಂಟು ವರ್ಷಗಳಾದ ಮೇಲೆ. ಬ್ರಿಟನ್ನಿನ ಕೆಂಪು ಟೆಲಿಫೋನ್ ಗೂಡು ಕೂಡ ಅವನದೇ ವಿನ್ಯಾಸ. ಇನ್ನೊಂದು ತುದಿಯ ಕ್ಯಾಥೊಲಿಕ್ ಚರ್ಚಿಗೆ ಮೊದಲು ನಕ್ಷೆ ಬರೆದವರು ನವದೆಹಲಿಯ ಎಡ್ವಿನ್ ಲಟ್ಯೆನ್ಸ್. ಹಣ ಸಾಲದೆ ನೆಲಮಾಳಿಗೆಯಷ್ಟೇ ಎದ್ದಿತು. ಅದರ ಮೇಲೆ 1967ರಲ್ಲಿ ಕಿರೀಟದಾಕಾರದ ಕಾಂಕ್ರೀಟ್ ಚರ್ಚು ಬಂತು. ಇನ್ನು ಬೀಟಲ್ಸ್: 1961ರಿಂದ 63ರೊಳಗೆ ಅವರು ಮುನ್ನೂರರ ಹತ್ತಿರ ಬಾರಿ ಹಾಡಿದ ಕ್ಯಾವರ್ನ್ ಕ್ಲಬ್ ಮ್ಯಾಥ್ಯೂ ಬೀದಿಯಲ್ಲಿದೆ. ಮೂಲ ಮಾಳಿಗೆಯನ್ನು 1973ರಲ್ಲಿ ಮುಚ್ಚಿ, 1984ರಲ್ಲಿ ಮತ್ತೆ ಕಟ್ಟಿದ್ದು ಈಗಿನದು. ಸಂಜೆಯ ಹಾಡು ಮಾತ್ರ ನಿಜವಾದದ್ದು.

ಲಿವರ್‌ಪೂಲ್‌ಗೆ ಬಂದಿಳಿದ ಹತ್ತಿ ಹೋಗುತ್ತಿದ್ದುದು ಮ್ಯಾಂಚೆಸ್ಟರಿನ ಗಿರಣಿಗಳಿಗೆ. ಎರಡರ ನಡುವೆ 1830ರಲ್ಲಿ ತೆರೆದ ರೈಲು, ನಗರದಿಂದ ನಗರಕ್ಕೆ ಹಬೆಯಂತ್ರಗಳಿಂದಲೇ ಪ್ರಯಾಣಿಕರನ್ನು ಒಯ್ದ ಮೊದಲ ಮಾರ್ಗ. ಅದರ ಮ್ಯಾಂಚೆಸ್ಟರ್ ನಿಲ್ದಾಣ ಇಂದು ವಿಜ್ಞಾನ ಮತ್ತು ಕೈಗಾರಿಕೆ ವಸ್ತುಸಂಗ್ರಹಾಲಯದ ಭಾಗ. ಹತ್ತಿ ವ್ಯಾಪಾರದ ರಾಯಲ್ ಎಕ್ಸ್‌ಚೇಂಜ್ ಭವನದಲ್ಲಿ 1968ರ ಕೊನೆಯ ದಿನದ ದರಗಳು ಫಲಕದ ಮೇಲೆ ಹಾಗೇ ಉಳಿದಿವೆ. ಅವುಗಳ ಕೆಳಗೆ, ವಿಶಾಲ ಹಜಾರದ ನಡುವೆ, 1976ರಿಂದ ಉಕ್ಕು ಮತ್ತು ಗಾಜಿನ ದುಂಡು ರಂಗಮಂದಿರವೊಂದು ಕುಳಿತಿದೆ.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 65ರವರೆಗೆ, ದಕ್ಷಿಣದ ರಾಜ್ಯಗಳ ಹತ್ತಿ ಬರುವುದು ನಿಂತು ಇಲ್ಲಿನ ಗಿರಣಿಗಳು ಬಾಗಿಲು ಹಾಕಿದವು, ಕಾರ್ಮಿಕರು ಉಪವಾಸ ಬಿದ್ದರು. ಆದರೂ ಗುಲಾಮರು ಬೆಳೆದ ಹತ್ತಿ ಬೇಡ ಎಂದು ಸಭೆ ಸೇರಿ ಹೇಳಿದ ಕಾರ್ಮಿಕರಿಗೆ ಅಧ್ಯಕ್ಷ ಲಿಂಕನ್ 1863ರಲ್ಲಿ ಕೃತಜ್ಞತೆಯ ಪತ್ರ ಬರೆದರು. ಆ ನೆನಪಿಗೆ ಊರ ನಡುವೆ ಲಿಂಕನ್ ಪ್ರತಿಮೆಯಿದೆ. ಗಿರಣಿ ಮಾಲೀಕರ ಕಣ್ಣು ಅದೇ ಹೊತ್ತಿಗೆ ಧಾರವಾಡ ಸೀಮೆಯ ಕರಿನೆಲದ ಮೇಲೆ ಬಿತ್ತು. ಅಮೆರಿಕನ್ ತಳಿಯ ಹತ್ತಿ ಅಲ್ಲಿ ಆಗಲೇ ಬೇರೂರಿತ್ತು. ಅದನ್ನು ಘಟ್ಟ ಇಳಿಸಿ ಹಡಗಿಗೆ ಸೇರಿಸಲು ಸದಾಶಿವಗಡ–ಕಾರವಾರದ ಬಂದರನ್ನು ಬೆಳೆಸಬೇಕು, ರಸ್ತೆ ಮಾಡಬೇಕು ಎಂದು ಮ್ಯಾಂಚೆಸ್ಟರ್ ಒತ್ತಾಯಿಸಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತದಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿಯ ಎಳೆ ಇದೆ. ರಾಯಲ್ ಎಕ್ಸ್‌ಚೇಂಜಿನ ಫಲಕದ ಕೆಳಗೆ ನಿಂತ ಕನ್ನಡಿಗರಿಗೆ ಇದು ನೆನಪಿರಬೇಕು. ಬಟ್ಟೆ ವ್ಯಾಪಾರಿ ಜಾನ್ ರೈಲ್ಯಾಂಡ್ಸ್ ನೆನಪಿಗೆ ಅವನ ಪತ್ನಿ ಕಟ್ಟಿಸಿ 1900ರಲ್ಲಿ ತೆರೆದ ಗ್ರಂಥಾಲಯ, ಮಾರ್ಕ್ಸ್ ಮತ್ತು ಎಂಗೆಲ್ಸ್ 1845ರಲ್ಲಿ ಕುಳಿತು ಓದಿದ ಚೀಟಮ್ಸ್ ಗ್ರಂಥಾಲಯ, ಎರಡೂ ಹತ್ತಿರದಲ್ಲೇ ಇವೆ. ಸಂಜೆಯ ಊಟಕ್ಕೆ ರಷಮ್ ಪ್ರದೇಶದ ಕರಿ ಮೈಲ್ ಇದೆ, ದಕ್ಷಿಣ ಏಷ್ಯದ ಹೋಟೆಲುಗಳಿಂದ ಹೆಸರಾದ ಬೀದಿ.

ಈ ಊರುಗಳನ್ನು ಸುತ್ತಲು ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ತಿಂಗಳುಗಳು. ಜೂನ್‌ನಲ್ಲಿ ಎಡಿನ್‌ಬರೊದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮುನ್ನವೇ ಕತ್ತಲಾಗುವುದರಿಂದ ದಿನದ ಯೋಜನೆ ಅರ್ಧಕ್ಕಿಳಿಯುತ್ತದೆ. ರೈಲಿನ ಟಿಕೆಟ್ಟನ್ನು ಹೊರಡುವ ದಿನ ಕೊಂಡರೆ ಬೆಲೆ ವಿಪರೀತ. ವಾರಗಳ ಮೊದಲೇ ನಿರ್ದಿಷ್ಟ ರೈಲಿಗೆ ಕೊಂಡರೆ ಎಷ್ಟೋ ಕಡಿಮೆ, ಆದರೆ ಆ ರೈಲು ತಪ್ಪಿದರೆ ಟಿಕೆಟ್ಟೂ ಹೋದಂತೆ. ಬೆಳಗಿನ ಕಚೇರಿ ಹೊತ್ತು ಕಳೆದ ಮೇಲಿನ ರೈಲುಗಳು ಅಗ್ಗ. ನಾಲ್ಕೈದು ಊರು ಸುತ್ತುವವರು ವಿದೇಶಿ ಪ್ರವಾಸಿಗರಿಗಷ್ಟೇ ಮಾರುವ ಬ್ರಿಟ್‌ರೇಲ್ ಪಾಸನ್ನು ಲೆಕ್ಕ ಹಾಕಿ ನೋಡಬಹುದು.

ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಶಾಶ್ವತ ಸಂಗ್ರಹಗಳಿಗೆ ಪ್ರವೇಶ ಶುಲ್ಕವಿಲ್ಲ. ಯಾರ್ಕ್ ಮಿನ್‌ಸ್ಟರ್‌ನಂಥ ಚರ್ಚುಗಳಲ್ಲಿ ಹಗಲಿನ ವೀಕ್ಷಣೆಗೆ ಹಣ ತೆರಬೇಕು. ಸಂಜೆಯ ಗಾಯನ ಪ್ರಾರ್ಥನೆಗೆ ಯಾರು ಬೇಕಾದರೂ ಉಚಿತವಾಗಿ ಹೋಗಿ ಕೂರಬಹುದು, ಆ ಗೋಡೆಗಳ ನಡುವೆ ಹಾಡು ಹೇಗೆ ತುಂಬುತ್ತದೆಂದು ತಿಳಿಯುವುದೂ ಆಗಲೇ. ಇಂಗ್ಲೆಂಡಿನಲ್ಲಿ ಭಾನುವಾರ ದೊಡ್ಡ ಅಂಗಡಿಗಳು ಆರು ಗಂಟೆಗಳ ಕಾಲ ಮಾತ್ರ ತೆರೆಯುತ್ತವೆ. ಸಸ್ಯಾಹಾರಿಗಳಿಗೆ ಈಗ ಯಾವ ಊರಿನಲ್ಲೂ ತೊಂದರೆಯಿಲ್ಲ, ಹೋಟೆಲಿನ ಪಟ್ಟಿಯಲ್ಲಿ ಗುರುತು ಇರುತ್ತದೆ. ಎಡಿನ್‌ಬರೊದ ಸಂದಿಗಳೂ ಯಾರ್ಕ್‌ನ ಕಲ್ಲುಹಾಸೂ ಚಕ್ರದ ಪೆಟ್ಟಿಗೆಗೆ ವೈರಿಗಳು. ಹೆಗಲಚೀಲ ಮತ್ತು ಮಳೆಗೆ ಜಾರದ ಬೂಟು ವಾಸಿ. ಸ್ಕಾಟ್ಲೆಂಡಿನ ಮೂರು ಬ್ಯಾಂಕುಗಳು ತಮ್ಮದೇ ಪೌಂಡ್ ನೋಟು ಹೊರಡಿಸುತ್ತವೆ. ಬೆಲೆ ಒಂದೇ ಆದರೂ ಭಾರತದಲ್ಲಿ ಅವನ್ನು ಬದಲಿಸುವುದು ಕಷ್ಟವಾದ್ದರಿಂದ ಅಲ್ಲೇ ಖರ್ಚು ಮಾಡಿ ಬರುವುದು ಒಳ್ಳೆಯದು.